ತಂಗಿಗೆ ಬೇಡವೆಂದ ವಿಂಡೋಸ್

ಹೊಸಕೋಟೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಅದರಲ್ಲಿದ್ದ ವಿಂಡೋಸನ್ನು ಅಳಿಸಿ, ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಲೈನಕ್ಸ್ ಹಾಕಿದ ನಾನು, ಕೋಟೆ ಗೆದ್ದವನಂತೆ ಬೀಗಿದೆ. ಆಗ ತಂಗಿ ಬಸ್ ನಿಲ್ದಾಣದ ಬಳಿಯ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಕಲಿಸುತ್ತಿದ್ದದ್ದು ವಿಂಡೋಸ್ ಪ್ರೋಗ್ರಾಮಿಂಗ್. ಮೌಸ್ ಹಿಡಿದು ತೆರೆಯ ಮೇಲೆ ಬಟನ್‌ಗಳನ್ನು ಎಳೆದು ಕೂರಿಸಿದರೆ ಅರ್ಧ ಕೆಲಸ ಮುಗಿಯಿತು.

"ಅದೂ ಒಂದು ಪ್ರೋಗ್ರಾಮಿಂಗಾ? ಚುಕ್ಕಿ ಇಡೋಕ್ ಬರ್ದೋರು ಅಚ್ಚಲ್ಲಿ ರಂಗೋಲಿ ಹಾಕ್ದಂಗೆ. ಬಿಟ್ಬಿಡು, ನಾನೇ ಹೇಳ್ಕೊಡ್ತೀನಿ," ಎಂದೆ. ಅಣ್ಣ ಹೇಳಿದ ಮೇಲೆ ಅವಳಿಗೆ ಎರಡನೇ ಮಾತಿಲ್ಲ. ಕ್ಲಾಸ್ ಬಿಟ್ಟು, ನನ್ನ ಪಕ್ಕ ಕೂತು ಲೈನಕ್ಸಿನ ಕಪ್ಪು ಪರದೆಯಲ್ಲಿ ಟೈಪ್ ಮಾಡತೊಡಗಿದಳು.

ಅಷ್ಟರಲ್ಲಿ ಪಿಲ್ಲಗುಂಪೆಯ ಒಂದು ಕಾರ್ಖಾನೆಯವರು ಸ್ಟೋರಿನ ಸಾಮಾನಿನ ಲೆಕ್ಕ ಇಡಲು ನನ್ನ ಬಳಿ ಒಂದು ಪ್ರೋಗ್ರಾಮ್ ಕೇಳಿದರು. ಲೈನಕ್ಸಿನಲ್ಲಿ ಮಾಡಿ ತೋರಿಸಿದೆ. ಮ್ಯಾನೇಜರ್ ಮುಖ ಕಿವಿಚಿದರು.

"ಏನಪ್ಪಾ ಇದು, ಬಾವಿ ಇಣುಕಿದಂಗೈತೆ. ನಮ್ ಹುಡುಗ್ರು ಮುಟ್ಟಲ್ಲ. ವಿಂಡೋಸಲ್ಲಿ ಮಾಡ್ಕೊಡು."

ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸಲು ನಾನು ಲೈನಕ್ಸಿನಲ್ಲಿ ಬಳಸುತ್ತಿದ್ದ ಉಚಿತ ಕಂಪೈಲರ್ ವಿಂಡೋಸಿಗೂ ಸಿಗುತ್ತಿತ್ತು. ಮಾನ ಉಳಿಸಿಕೊಳ್ಳಲು ಮೊದಲು ಅದನ್ನೇ ಹಿಡಿದೆ. ತೆರೆಯ ಮೇಲೊಂದು ಬೋಳು ಚೌಕ ಮೂಡಿಸಲು ಪುಟಗಟ್ಟಲೆ ಬರೆದು ಹೈರಾಣಾದೆ. ಕೊನೆಗೆ ಕಾರ್ಖಾನೆಯ ಕಂಪ್ಯೂಟರಿನಲ್ಲಿ, ತಂಗಿಯಿಂದ ಬಿಡಿಸಿದ್ದ ಆ ಬಟನ್ ಎಳೆಯುವ ಸಾಧನವನ್ನೇ ತೆರೆದೆ. ಊಟ ಮುಗಿಸಿ ಕೂತವನು ಸಂಜೆಯ ಟೀ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿಸಿದ್ದೆ. ನಾಚಿಕೆಯ ವಿಷಯವೆಂದರೆ, ನನಗದು ಬಹಳ ಇಷ್ಟವಾಯಿತು.

ಮನೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ತಂಗಿಯ ಪಕ್ಕ ಕೂತು ಎಂದಿನಂತೆ ಅವಳ ತಪ್ಪು ತಿದ್ದುತ್ತಿದ್ದೆ. ಅವಳು ಶ್ರದ್ಧೆಯಿಂದ ತಲೆಯಾಡಿಸಿದಷ್ಟೂ ನನಗೆ ಒಳಗೊಳಗೇ ಹಿಂಸೆ.

ಪ್ರೋಗ್ರಾಮ್ ಒಪ್ಪಿಸಿದ ದಿನ ಮ್ಯಾನೇಜರ್, "ಇದನ್ನ ನೋಡ್ಕೊಳ್ಳೋಕೆ ಒಬ್ರನ್ನ ಕೆಲ್ಸಕ್ ತಗೋತಿದೀವಿ. ನಿಮ್ ತಂಗಿ ಕಂಪ್ಯೂಟರ್ ಕಲ್ತವ್ರಂತಲ್ಲ, ಅವ್ರಿಗೆ ಇದು ಬರುತ್ತಾ?" ಎಂದರು.

"ಇಲ್ಲ ಸರ್, ಬರಲ್ಲ," ಎಂದೆ. ಸ್ವಲ್ಪ ದಿನ ಕೊಡಿ, ಕಲಿಸುತ್ತೇನೆ ಎನ್ನಬಹುದಿತ್ತು. ಆದರೆ ಹಾಗೆಂದರೆ ಮನೆಯಲ್ಲಿ ನಿಜ ಹೇಳಬೇಕಾಗುತ್ತಿತ್ತು. ಆ ಕೆಲಸ ಕ್ಲಾಸಿನಲ್ಲಿ ತಂಗಿಯ ಪಕ್ಕ ಕೂರುತ್ತಿದ್ದ ಹುಡುಗಿಗೆ ಸಿಕ್ಕಿತು.

ಆ ಹುಡುಗಿ ಸ್ವೀಟ್ ಹಿಡಿದು ನಮ್ಮ ಮನೆಗೇ ಬಂದಳು. "ನಿಮ್ಮಣ್ಣನ ಪ್ರೋಗ್ರಾಮ್ ಸಖತ್ತಾಗೈತೆ ಕಣೇ. ನಮ್ ಕ್ಲಾಸಲ್ಲಿ ಹೇಳ್ಕೊಡ್ತಿದ್ರಲ್ಲ, ಅದ್ರಲ್ಲೇ ಮಾಡವ್ರೆ!"

ತಂಗಿ ನಗುನಗುತ್ತಲೇ ಕಾಫಿ ಕೊಟ್ಟಳು, ಗೇಟಿನವರೆಗೂ ಹೋಗಿ ಕಳಿಸಿಬಂದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

"ನಾಳೆಯಿಂದ್ಲೇ ಹೇಳ್ಕೊಡ್ತೀನಿ. ನಿಂಗೆ ಬೇಗ ಬಂದ್ಬಿಡುತ್ತೆ," ಎಂದೆ.

"ಬರ್ತಿತ್ತಲ್ಲಣ್ಣ," ಎಂದಳು. "ನೀನೇ ಬಿಡಿಸ್ದೆ."

ಆಮೇಲೆ ಅವಳು ಯಾವುದನ್ನೂ ಹೇಳಿಕೊಡೆಂದು ನನ್ನನ್ನು ಕೇಳಲಿಲ್ಲ.