ಮಗ ಮಾಫಿ

ಸಂತಾಪ ಹೇಳಲು ನಮ್ಮ ಮನೆಗೆ ಬಂದವರೊಬ್ಬರು ಹನ್ನೊಂದು ನಿಮಿಷ ಕುಳಿತಿದ್ದರು. ಮೊದಲ ಮೂರು ನಿಮಿಷ ಅಪ್ಪನಿಗೆ. ಉಳಿದ ಎಂಟು ಕಾರಿಗೆ.

(ಬೇಕೆಂದು ಎಣಿಸಿದ್ದಲ್ಲ. ಗಡಿಯಾರ ಎದುರಿಗೇ ಇತ್ತು. ಸಾವಾದ ಮನೆಯಲ್ಲಿ ನೋಡಲು ಬೇರೇನಿರುತ್ತದೆ?)

ಬಂದವರು ಇಲ್ಲೇ ದೋಹಾದಲ್ಲಿ ನಮ್ಮ ಕರಾವಳಿ ಕಡೆಯವರು ಕಟ್ಟಿಕೊಂಡ ಸಂಘವೊಂದರ ಕಾರ್ಯದರ್ಶಿ. ಇಸ್ತ್ರಿ ಕೆಡದ ಬಿಳಿ ಶರ್ಟು, ಕೈಯಲ್ಲಿ ಎರಡು ಫೋನು. ಒಳಗೆ ಬರುವಾಗಲೇ ಕಾಂಪೌಂಡಿನ ಶೀಟಿನ ನೆರಳಲ್ಲಿ ನಿಂತಿದ್ದ ಕಾರು ಅವರ ಕಣ್ಣಿಗೆ ಬಿದ್ದಿತ್ತು. ತಂದೆಯವರದ್ದು ತುಂಬಲಾರದ ನಷ್ಟ ಎಂದರು. ಟೀಗೆ ಕೆನೆ ಕಟ್ಟುವ ಮೊದಲೇ, "ಅದು ವಿಂಟೇಜ್ ಅಲ್ವಾ?" ಎಂದರು.

ಸಂಘದ ವಾರ್ಷಿಕೋತ್ಸವಕ್ಕೆ ಕಾರು ಬೇಕಂತೆ. ಹಾಲ್‌ನ ಬಾಗಿಲಲ್ಲಿ ನಿಲ್ಲಿಸುವುದಂತೆ. ಬಾನೆಟ್ಟಿನ ಮೇಲೆ ಅಪ್ಪನ ಫೋಟೋ, ಹಿಂದೆ ಫ್ಲೆಕ್ಸು, ಪಕ್ಕದಲ್ಲಿ ಸೆಲ್ಫಿ ತೆಗೆಯುವವರಿಗೆ ಜಾಗ. ಅಪ್ಪ ಈ ಊರಿನಲ್ಲಿ ಮೂವತ್ತೊಂದು ವರ್ಷ ದುಡಿದರು. ಅಷ್ಟು ವರ್ಷದಲ್ಲಿ ಆ ಸಂಘದವರು ಒಂದು ಕಾರ್ಯಕ್ರಮಕ್ಕೂ ಅವರನ್ನು ಕರೆದದ್ದಿಲ್ಲ. ಸತ್ತ ಮೇಲೆ ಮುಖ್ಯ ಅತಿಥಿ.

ಅಪ್ಪ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದರು. ಓದಿದ್ದು ಏಳನೇ ಕ್ಲಾಸು, ಕನ್ನಡ ಶಾಲೆ. ನನ್ನ ಬಾಲ್ಯದ ಪಾಲಿಗೆ ಅವರು ಒಂದು ಫೋಟೋ. ಚೌಕ ಮುಖದ ಜಪಾನಿ ಕಾರೊಂದರ ಪಕ್ಕ ನಿಂತು, ಅದರ ಮುಂಭಾಗದ ಎಡ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ತೆಗೆಸಿಕೊಂಡದ್ದು. ಕಾರು ಅಪ್ಪನದ್ದೇ ಎಂದು ನಾನು ಇಡೀ ಶಾಲೆಗೆ ಹೇಳಿಕೊಂಡು ಬಂದಿದ್ದೆ. ಅದು ಗ್ಯಾರೇಜಿನ ಧಣಿಯದ್ದು, ಅಪ್ಪ ಅದರಲ್ಲಿ ಸಾಮಾನು ತರಲು ಹೋಗುತ್ತಿದ್ದರು, ಅಷ್ಟೇ ಎಂದು ತಿಳಿದದ್ದು ನಾನೂ ಇಲ್ಲಿಗೆ ಕೆಲಸಕ್ಕೆ ಬಂದ ಮೇಲೆ. ಆಗ ನನಗೆ ನಾಚಿಕೆಯಾಗಿತ್ತು. ಯಾರ ಬಗ್ಗೆ ನಾಚಿಕೆ? ಅಪ್ಪನ ಬಗ್ಗೆ. ಸುಳ್ಳು ಹೇಳಿದ್ದು ನಾನು, ನಾಚಿಕೆ ಅವರ ಬಗ್ಗೆ!

ಅಮ್ಮ ತೀರಿಕೊಂಡ ಮೇಲೆ, ನಿವೃತ್ತರಾಗಿ ಊರಿನಲ್ಲಿದ್ದ ಅಪ್ಪನನ್ನು ದೋಹಾದ ಐನ್ ಖಾಲಿದ್ ಬಡಾವಣೆಯ ನಮ್ಮ ಮನೆಗೆ ಕರೆಸಿಕೊಂಡೆ. ಮೊದಲ ವಾರ ಅವರು ಸೋಫಾದ ತುದಿಯಲ್ಲಿ ಕುಳಿತು ಎಸಿಯ ಶಬ್ದ ಕೇಳಿದರು. (ಕಂಪ್ರೆಸರ್ ಸರಿ ಇಲ್ಲ ಎಂದರು. ನಾನು ನಂಬಲಿಲ್ಲ. ಮರುವಾರ ಅದು ಕೆಟ್ಟಿತು.) ಎರಡನೇ ವಾರ ಹಮೀದ್ ಕಾಕನ ಫೋನು ಬಂತು. ಕಾಕ ಉಳ್ಳಾಲದ ಕಡೆಯವರು, ಅಪ್ಪನ ಹಳೇ ದೋಸ್ತಿ, ಹಳೇ ಗಾಡಿಗಳ ಬಿಡಿಭಾಗದ ವ್ಯಾಪಾರ. ಗ್ಯಾರೇಜಿನ ಅಂಗಳ ಖಾಲಿ ಮಾಡ್ತಿದ್ದಾರೆ, ಆ ಗಾಡಿ ಗುಜರಿಗೆ ಹೋಗ್ತದೆ, ನಿನಗೆ ಬೇಕಾದರೆ ಕೊಂಡುಹೋಗು ಅಂತ ಧಣಿ ಹೇಳಿದ್ದಾರೆ ಎಂದರು.

ಮೂರನೇ ದಿನ ಅದು ರಿಕವರಿ ಲಾರಿಯ ಮೇಲೆ ನಮ್ಮ ಮನೆಗೆ ಬಂತು. ಟೈರಿಲ್ಲ. ಒಂದು ಬಾಗಿಲು ಬೇರೆ ಬಣ್ಣ. ಫೋಟೋದಲ್ಲಿ ಅಪ್ಪ ಕೈಯಿಟ್ಟಿದ್ದ ಮಡ್‌ಗಾರ್ಡು ತುಕ್ಕು ಹಿಡಿದು ಹಪ್ಪಳವಾಗಿತ್ತು.

"ಇದು ಓಡ್ಲಿಕ್ಕುಂಟಾ ಅಪ್ಪ?" ಎಂದೆ. (ಮನೆಯಲ್ಲಿ ನಮ್ಮದು ತುಳು. ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ನಿಂತದ್ದನ್ನು ನೀನು ನೋಡಿದ್ದು. ಓಡಿದ್ದನ್ನು ನಾನು ನೋಡಿದ್ದೇನೆ."

ವಿಂಟೇಜ್ ಎಂಬ ಪದ ಅಪ್ಪನ ಬಾಯಲ್ಲಿ ನಾನು ಕೇಳಿದ್ದಿಲ್ಲ. ಅವರಿಗೆ ಅದು ಹಳೇ ಗಾಡಿ. ಚಳಿಗಾಲ ಬಂದರೆ ಇಲ್ಲಿ ಇಂಥ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುವವರು ಇದ್ದಾರೆ. ನಾನೇ ಕೈಯಾರೆ ರಿಸ್ಟೋರ್ ಮಾಡಿದ್ದು ಎನ್ನುತ್ತಾರೆ. ಅಂಥವರ ಮುಖ ನೋಡಬೇಡಿ, ಉಗುರು ನೋಡಿ. ಕೆಲಸ ಬಿಟ್ಟು ಐದು ವರ್ಷವಾದರೂ ಅಪ್ಪನ ಉಗುರಿನ ಕಪ್ಪು ಹೋಗಿರಲಿಲ್ಲ.

ಅಪ್ಪನ ಕೆಲಸದ ಕ್ರಮ ಹೇಳುತ್ತೇನೆ. ಬಾಗಿಲು ಬಿಚ್ಚುವಾಗ ದೊಡ್ಡ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬಾಗಿಲಿನ ಆಕಾರ ಬರೆಯುತ್ತಿದ್ದರು. ಯಾವ ಬೋಲ್ಟು ಎಲ್ಲಿಂದ ಬಂತೋ, ರಟ್ಟಿನಲ್ಲಿ ಅದೇ ಜಾಗಕ್ಕೆ ಚುಚ್ಚಿಡುತ್ತಿದ್ದರು. ಮೇಲೊಂದು ಪೇಪರ್ ಟೇಪು, ಅದರ ಮೇಲೆ ಏಳನೇ ಕ್ಲಾಸಿನ ಅಕ್ಷರ. "ಎಬಾ" ಅಂದರೆ ಎಡ ಬಾಗಿಲು. "ಬಬಾ" ಅಂದರೆ ಬಲ ಬಾಗಿಲು. ಪೂರ್ತಿ ಬರೆದರೆ ಟೇಪು ದಂಡ ಅಲ್ವಾ ಎನ್ನುತ್ತಿದ್ದರು.

ಇನ್ನು ನನ್ನ ಕೆಲಸ. ನಾನು ಒಂದು ಕಂಪೆನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಕಾಗದಗಳಿಗೆ ನಂಬರು ಹಾಕುವುದು, ಫೈಲಿಗೆ ಹೆಸರು ಅಂಟಿಸುವುದು, ತಪ್ಪು ಕಾಗದ ಸೈಟಿಗೆ ಹೋಗದ ಹಾಗೆ ನೋಡಿಕೊಳ್ಳುವುದು. ಅಂದರೆ ಲೇಬಲ್ ಅಂಟಿಸಿ ಸಂಬಳ ತೆಗೆದುಕೊಳ್ಳುವ ಮನುಷ್ಯ. ಮನೆಯಂಗಳದಲ್ಲಿ "ಎಬಾ, ಬಬಾ" ಎಂದು ರಟ್ಟು ಹರಡಿಕೊಂಡಿದ್ದರೆ ಇಂಥವನಿಗೆ ನಿದ್ದೆ ಬರುತ್ತದಾ?

ಒಂದು ಶುಕ್ರವಾರ ಅಪ್ಪ ಹಮೀದ್ ಕಾಕನ ಅಂಗಡಿಗೆ ಹೋಗಿದ್ದರು. ನಾನು ಎಲ್ಲ ಬೋಲ್ಟುಗಳನ್ನು ರಟ್ಟಿನಿಂದ ಕಿತ್ತೆ. ಒರೆಸಿದೆ. ಉದ್ದ, ದಪ್ಪ ನೋಡಿ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬಗಳಿಗೆ ಹಾಕಿದೆ. ಆಫೀಸಿನ ಮೆಷೀನಿನಲ್ಲಿ ಇಂಗ್ಲಿಷ್ ಲೇಬಲ್ ಪ್ರಿಂಟ್ ಮಾಡಿ ಅಂಟಿಸಿದೆ. ಡಬ್ಬಗಳ ಫೋಟೋ ತೆಗೆದು, ಅಪ್ಪನಿಗೊಂದು ಸಣ್ಣ ಸರ್‌ಪ್ರೈಸ್ ಎಂದು ಸ್ಟೇಟಸ್ಸಿಗೆ ಹಾಕಿದೆ. ಹೃದಯದ ಚಿತ್ರಗಳು ಬಂದವು.

ಅಪ್ಪ ಬಂದು ನಿಂತು ನೋಡಿದರು. "ರಟ್ಟು ಎಲ್ಲಿ?"

ಕಸಕ್ಕೆ ಹಾಕಿದೆ ಎಂದೆ. ಅವರು ಬೀದಿಯ ಕಸದ ತೊಟ್ಟಿಯ ತನಕ ನಡೆದುಹೋದರು. ಲಾರಿ ಬಂದು ಹೋಗಿ ಆಗಿತ್ತು.

ತಪ್ಪು ಮಾಡಿದವನಿಗೇ ಮೊದಲು ಸಿಟ್ಟು ಬರುವುದು ಯಾಕೆ? ನಾನು ಹೊಗಳಿಕೆಗೆ ಕಾದಿದ್ದೆ. ಅದು ಬರಲಿಲ್ಲ. ವಾಪಸ್ ಬಂದು ನಿಂತ ಎಪ್ಪತ್ತರ ಮನುಷ್ಯನಿಗೆ ನಾನು ಹೇಳಿದ್ದು ಇದು: "ಮೂವತ್ತೊಂದು ವರ್ಷ ನೀವು ಹೀಗೇ ಕೆಲಸ ಮಾಡಿದ್ದಾ? ಅದಕ್ಕೇ ಕೊನೇವರೆಗೂ ಮೆಕ್ಯಾನಿಕ್ ಆಗಿಯೇ ಉಳಿದದ್ದು."

"ಹೌದು ಮಗಾ," ಎಂದರು ಅಪ್ಪ. ಒಳಗೆ ಹೋಗಿ ಕೈ ತೊಳೆದರು. ತುಂಬ ಹೊತ್ತು ತೊಳೆದರು.

ಮರುದಿನದಿಂದ ಮತ್ತೆ ಶುರು. ಒಂದೊಂದೇ ಬೋಲ್ಟು ತೆಗೆದು ಒಂದೊಂದೇ ತೂತಿಗೆ ಹಾಕಿ ನೋಡುವುದು. ಹೊಸ ರಟ್ಟು, ಹೊಸ ಟೇಪು. ಕಳೆದುಹೋದ ಜಾಗಗಳನ್ನೆಲ್ಲ ಮತ್ತೆ ಹುಡುಕಲು ಅವರಿಗೆ ಎರಡು ವಾರ ಹಿಡಿಯಿತು. ನಾನು ಪಕ್ಕದಲ್ಲಿ ಕುಳಿತು ಸ್ಪ್ಯಾನರ್ ಕೊಟ್ಟೆ. ಬೇರೇನೂ ಕೊಡಲಿಲ್ಲ. ಆಫೀಸಿನ ಮೈಲುಗಳಲ್ಲಿ ಗುರುತೇ ಇಲ್ಲದವರಿಗೆ ದಿನಕ್ಕೆ ಇಪ್ಪತ್ತು ಸಲ ಸಾರಿ ಬರೆಯುತ್ತೇನೆ. ತಡವಾದದ್ದಕ್ಕೆ ಸಾರಿ, ಅಟ್ಯಾಚ್‌ಮೆಂಟ್ ಮರೆತದ್ದಕ್ಕೆ ಸಾರಿ. ಅಪ್ಪನಿಗೆ? ನಮ್ಮ ಮನೆಗಳಲ್ಲಿ ಅಂಥದ್ದೊಂದು ಪದ್ಧತಿ ಉಂಟಾ?

ಒಂದು ಬೆಳಿಗ್ಗೆ ಟೀ ಲೋಟ ಕೆಳಗಿಟ್ಟ ಅಪ್ಪ ಕುಳಿತಲ್ಲೇ ಹೋಗಿಬಿಟ್ಟರು. ಶವದ ಪೆಟ್ಟಿಗೆಯ ಜೊತೆ ಊರಿಗೆ ಹೋದೆ, ಎಲ್ಲ ಕ್ರಿಯೆ ಮುಗಿಸಿ ಬಂದೆ. ಹಮೀದ್ ಕಾಕ ನನ್ನ ಕೈ ಹಿಡಿದುಕೊಂಡು, "ಇನ್ನೆರಡು ವಾರ ಸಿಕ್ಕಿದ್ದರೆ ಗಾಡಿ ಓಡಿಸಿಯೇ ಹೋಗ್ತಿದ್ದ ನೋಡು," ಎಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಆ ಎರಡು ವಾರ ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು.

ಇಷ್ಟಾದ ಮೇಲೆ ಬಂದವರು ಈ ಕಾರ್ಯದರ್ಶಿ.

ಅವರು ಹೋದ ಮೇಲೆ, ಕಾರು ಕೊಡುವುದೋ ಬೇಡವೋ ನೋಡೋಣ ಎಂದು ಅಪ್ಪನ ಸಾಮಾನು ತೆಗೆದೆ. ಡಿಕ್ಕಿಯಲ್ಲಿ ಬಿಸ್ಕತ್ತಿನ ಒಂದು ನೀಲಿ ತಗಡಿನ ಡಬ್ಬ ಇತ್ತು. ಒಳಗೆ ಏಳೆಂಟು ಬೋಲ್ಟು. ಮುಚ್ಚಳದ ಮೇಲೆ ಟೇಪು. ಟೇಪಿನ ಮೇಲೆ ಎರಡೇ ಪದ.

ಮಗ ಮಾಫಿ.

ನಾನು ಡಿಕ್ಕಿಯ ಅಂಚಿನಲ್ಲಿ ಕುಳಿತುಬಿಟ್ಟೆ. ಮಗನಿಗೆ ಕ್ಷಮೆ. ಬಾಯಲ್ಲಿ ಹೇಳಲಾಗದೆ ಬರೆದಿಟ್ಟು ಹೋಗಿದ್ದಾರೆ ಎಂದುಕೊಂಡೆ. ಹೆಂಡತಿಗೆ ತೋರಿಸಿದೆ. ಅವಳು ಎರಡು ಸಲ ಓದಿ, "ಮಾವ ಇಂಥದ್ದೆಲ್ಲ ಬರೆಯುವ ಜನ ಅಲ್ಲ ಮಾರಾಯ್ರೆ," ಎಂದಳು. ನಿನಗೆ ಅರ್ಥವಾಗುವುದಿಲ್ಲ ಎಂದೆ. ಟೇಪಿನ ಫೋಟೋ ತೆಗೆದು, ಕೆಳಗೆ ನಾಲ್ಕು ಸಾಲು ಬರೆದು ಸಂಘದ ಗ್ರೂಪಿಗೆ ಹಾಕಿದೆ. ನನ್ನ ಮಾತು, ಅಪ್ಪನ ಮೌನ, ಈ ಟೇಪು.

ಕೈಮುಗಿದ ಚಿತ್ರಗಳು ಸುರಿದವು. ತಂದೆಯ ಹೃದಯ ಎಂದರೆ ಇದು ಎಂದರು. ಅಪ್ಪನ ಹೆಸರೇ ಗೊತ್ತಿಲ್ಲದವರು ಓದಿ ಅತ್ತುಬಿಟ್ಟೆ ಎಂದರು. ಕಾರ್ಯದರ್ಶಿ ಫೋನು ಮಾಡಿ, ಆ ಟೇಪನ್ನು ಲ್ಯಾಮಿನೇಟ್ ಮಾಡಿಸಿ ಬಾನೆಟ್ಟಿನ ಮೇಲೆ ಇಡೋಣ, ಫ್ಲೆಕ್ಸಿನ ತಲೆಬರಹವೂ ಅದೇ ಎಂದರು. ನಾನು ಒಪ್ಪಿದೆ. ಯಾಕೆ ಒಪ್ಪಬಾರದು? ಅಷ್ಟು ಜನ ಕೈಮುಗಿದ ಮೇಲೆ ಕೇಸು ಖುಲಾಸೆಯಾದ ಹಾಗಲ್ಲವೇ?

ನಾಲ್ಕನೇ ದಿನ ಹಮೀದ್ ಕಾಕನ ಫೋನು. ಅವರು ಯಾವ ಗ್ರೂಪಿನಲ್ಲೂ ಇಲ್ಲ.

"ತಮ್ಮಾ, ಮಗ ಸಿಕ್ಕಿತು. ಎಡದ್ದು."

"ಯಾವ ಮಗ ಕಾಕ?"

"ಎಂತ ಮಾರಾಯ, ಮಡ್‌ಗಾರ್ಡ್. ನಿನ್ನಪ್ಪ ಅದಕ್ಕೆ ಮಗ ಅಂತಲೇ ಬರೆಯುವುದು. ಇಲ್ಲಿ ಚೀಟಿ ಉಂಟು ನೋಡು."

ಮರುದಿನವೇ ಹೋಗಿ ನೋಡಿದೆ. ಕೌಂಟರಿನ ಗಾಜಿನ ಅಡಿಯಲ್ಲಿ ಅಪ್ಪನ ಅಕ್ಷರ. ಎಬಾ ಖಲಾಸ್. ಬಬಾ ಖಲಾಸ್. ಮಗ ಮಾಫಿ. ಎಡ ಬಾಗಿಲಿನ ಸಾಮಾನು ಸಿಕ್ಕಿ ಮುಗಿಯಿತು, ಬಲ ಬಾಗಿಲಿನದ್ದೂ ಮುಗಿಯಿತು, ಮಡ್‌ಗಾರ್ಡ್ ಇಲ್ಲ. ಈ ಊರಿನಲ್ಲಿ ಅಂಗಡಿಯವನಿಂದ ಡ್ರೈವರನ ತನಕ ಎಲ್ಲರ ಬಾಯಲ್ಲೂ ಅರಬಿಯ ಈ ಮಾಫಿ ಅಂದರೆ ಇಲ್ಲ. ಚಿಲ್ಲರೆ ಮಾಫಿ, ಪಾರ್ಕಿಂಗ್ ಮಾಫಿ, ರಜೆ ಮಾಫಿ. ಹದಿನೆಂಟು ವರ್ಷದಿಂದ ದಿನಕ್ಕೆ ಹತ್ತು ಸಲ ಕೇಳುತ್ತಿರುವ ಪದ. ಟೇಪಿನ ಮೇಲೆ ಕಂಡಾಗ ಮಾತ್ರ ನನಗೆ ನಮ್ಮ ಕನ್ನಡದ ಅರ್ಥವೇ, ಕ್ಷಮೆಯೇ, ಹೊಳೆಯಿತು. ಬೇಕಾದವನಿಗೆ ಬೇಕಾದ ಅರ್ಥ.

ಚೀಟಿ ಯಾವಾಗ ಕೊಟ್ಟದ್ದು ಎಂದು ಕೇಳಿದೆ. ಅವನು ಕೊನೇ ಸಲ ಅಂಗಡಿಗೆ ಬಂದ ಶುಕ್ರವಾರ ಎಂದರು ಕಾಕ. ನಾನು ರಟ್ಟು ಕಸಕ್ಕೆ ಹಾಕಿದ ಅದೇ ಶುಕ್ರವಾರ. ಅಂದರೆ ನಾನು ಆ ಮಾತು ಆಡುವ ಮೊದಲೇ ಮಗ ಮಾಫಿ ಆಗಿತ್ತು.

ಕಾರ್ಯದರ್ಶಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರು ಹೇಳಿದ್ದು:

"ಫ್ಲೆಕ್ಸ್ ಪ್ರಿಂಟಿಗೆ ಹೋಗಿ ಆಯ್ತಲ್ಲ. ಇದು ಯಾರಿಗೆ ಗೊತ್ತಾಗ್ತದೆ? ಭಾವನೆ ಮುಖ್ಯ ಅಲ್ವಾ?"

ಕಾರು ಕೊಡುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು. ನೀವು ಸಮಾಜದ ಜೊತೆ ಬೆರೆಯುವುದಿಲ್ಲ ಎಂದರು. ಇರಬಹುದು. ಅಪ್ಪನ ಲೇಬಲನ್ನು ಒಂದು ಸಲ ಕಿತ್ತು ಬೇರೆ ಅಂಟಿಸಿದವನು ನಾನು. ಎರಡನೇ ಸಲವೂ ಅದನ್ನೇ ಮಾಡಲು ಮನಸ್ಸಾಗಲಿಲ್ಲ.

ಹಾಗಾಗಿ ಈ ವಾರದ ಬರಹ ಒಂದು ತಿದ್ದುಪಡಿ. ಆ ಗ್ರೂಪಿನಲ್ಲಿ ನೀವೂ ಕೈಮುಗಿದಿದ್ದರೆ ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನೀವು ಕೈಮುಗಿದದ್ದು ಒಂದು ಮಡ್‌ಗಾರ್ಡಿಗೆ. ಅತ್ತವರು ಕಣ್ಣೊರೆಸಿಕೊಳ್ಳಿ. ಅಪ್ಪ ಏನನ್ನೂ ಬರೆದಿಟ್ಟು ಹೋಗಿಲ್ಲ. ಅವರು ಬರೆದದ್ದು ಬರೀ ಸಾಮಾನಿನ ಪಟ್ಟಿ, ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಮೊನ್ನೆ ಶುಕ್ರವಾರ ಹಮೀದ್ ಕಾಕ ಮಡ್‌ಗಾರ್ಡ್ ತಂದರು. ಬಣ್ಣ ಬೇರೆ, ಆಕಾರ ಅದೇ. ಇಬ್ಬರೂ ಸೇರಿ ಕೂರಿಸಿದೆವು. ನೀಲಿ ಡಬ್ಬದ ಬೋಲ್ಟುಗಳು ಒಂದೂ ಹೆಚ್ಚಾಗಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಕೊನೆಯದನ್ನು ಬಿಗಿಮಾಡಿ ಕಾಕ "ಖಲಾಸ್" ಎಂದರು. ಕಾರು ಇನ್ನೂ ಸ್ಟಾರ್ಟ್ ಆಗಿಲ್ಲ. ಫೋಟೋದಲ್ಲಿ ಅಪ್ಪ ಕೈಯಿಟ್ಟಿದ್ದ ಜಾಗದಲ್ಲಿ ನಾನೂ ಕೈಯಿಟ್ಟೆ. ಶೀಟಿನಡಿ ಓರೆಯಾಗಿ ಬಿದ್ದ ಬಿಸಿಲಿಗೆ ಕಾದ ತಗಡು, ಕೈ ಸುಟ್ಟಿತು.

ಈ ಮಾಫಿ ಕಾಕನ ಗುಜರಿಯಲ್ಲಿ ಸಿಕ್ಕಿತು, ಆ ಮಾಫಿಯನ್ನು ನಾನು ಯಾವ ಗುಜರಿಯಲ್ಲಿ ಹುಡುಕಲಿ?