ಅಂಗೈ ಮುಚ್ಚಿದ ತಟ್ಟೆ

ಬಂಡ್ರಿಯ ಹೊರಗೆ, ಸಂಡೂರು ರಸ್ತೆಯ ಪಕ್ಕದಲ್ಲಿದ್ದ ತಾಯಕ್ಕನ ಖಾನಾವಳಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದ ಆ ವರ್ಷಗಳಲ್ಲಿ ಅವಳ ಕೈಯ ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣದ ಡ್ರೈವರು ಆ ದಾರಿಯಲ್ಲಿ ಸಿಗುವುದೇ ಕಷ್ಟವಿತ್ತು. ಬಾಯಲ್ಲಿ ‘ಸಾಕು’ ಅಂದರೆ ತಾಯಕ್ಕ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎರಡೂ ಅಂಗೈಯಿಂದ ತಟ್ಟೆ ಮುಚ್ಚಬೇಕು. ಮುಚ್ಚಿದರೂ ಬಿಟ್ಟಾಳೆಯೇ? ಸೌಟಿನಿಂದಲೇ ಕೈ ಸರಿಸಿ ಇನ್ನೊಂದಿಷ್ಟು ಅನ್ನ ಹಾಕುವಳು. “ನಿನ್ನ ಹೊಟ್ಟಿ ತುಂಬಿದ್ದು ನಿನಗೇನು ಗೊತ್ತಲೇ, ಉಣ್ಣು” ಎಂದು ಗದರುವಳು. ಎರ್ರಿಯಪ್ಪನೆಂಬ ಡ್ರೈವರು ಒಮ್ಮೆ ಬೆಲ್ಟು ಸಡಿಲಿಸಿಕೊಂಡು ಉಂಡರೂ ಅವಳಿಗೆ ಸಮಾಧಾನವಾಗಿರಲಿಲ್ಲ.

ಇಂಥವಳ ಮೊಮ್ಮಗಳು ಉಣ್ಣುವುದನ್ನೇ ಬಿಟ್ಟಿದ್ದಳು.

ನಾಲ್ಕು ವರ್ಷದ ಸುಮಲತಾ ಹೊಟ್ಟೆ ಹಿಡಿದುಕೊಂಡು ಉರುಳಾಡಿದ್ದು ಯುಗಾದಿ ಮುಗಿದ ವಾರ. ಬಳ್ಳಾರಿಯ ಆಸ್ಪತ್ರೆಗೆ ಒಯ್ದರೆ, ಕರುಳಿನೊಳಗೇ ಕರುಳು ಹೊಕ್ಕು ಒಂದು ತುಂಡು ಕಪ್ಪಾಗಿದೆ ಎಂದರು. ಅದನ್ನು ಕೊಯ್ದು ತೆಗೆದು, ಉಳಿದದ್ದನ್ನು ಜೋಡಿಸಿ ಹೊಲಿದರು. ಮಗು ಉಳಿಯಿತು, ಗಾಯವೂ ಮಾಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಒಂದೊಂದೇ ಚಮಚ ನಿಧಾನವಾಗಿ ಉಣಿಸಿ, ತೂಕ ಇಳಿಯುತ್ತಲೇ ಹೋದರೆ ಮತ್ತೆ ತಂದು ಮಲಗಿಸಬೇಕಾಗುತ್ತದೆ ಎಂದು ಎಚ್ಚರಿಸಿದ್ದರು.

‘ಒಂದೊಂದೇ ಚಮಚ’ ಎಂಬುದು ತಾಯಕ್ಕನ ತಲೆಗೆ ಹೋಗಲಿಲ್ಲ. ಮಗು ಬಂದ ದಿನವೇ ಮೆತ್ತಗೆ ಬೇಯಿಸಿದ ಅನ್ನಕ್ಕೆ ತುಪ್ಪ ಸುರಿದು, ಡ್ರೈವರುಗಳ ದೊಡ್ಡ ತಟ್ಟೆಯಲ್ಲೇ ರಾಶಿ ಹಾಕಿ ಮುಂದಿಟ್ಟಳು. ಆಪರೇಷನ್ನಿಗೆ ಮುಂಚೆ ಉಂಡದ್ದೆಲ್ಲ ನೋವಾಗಿ ತಿರುಗಿ ಬಂದದ್ದನ್ನು ಸುಮಲತಾ ಇನ್ನೂ ಮರೆತಿರಲಿಲ್ಲ. ಖಾನಾವಳಿಯಲ್ಲೇ ಅಂಬೆಗಾಲಿಟ್ಟು ಬೆಳೆದವಳಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಎರಡೂ ಪುಟ್ಟ ಅಂಗೈಗಳನ್ನು ಅನ್ನದ ಮೇಲೆ ಮುಚ್ಚಿದಳು. ತಾಯಕ್ಕ ಅಭ್ಯಾಸದಂತೆ ಕೈ ಸರಿಸಹೋದಳು. ಮಗು ಅಳಲಿಲ್ಲ, ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆಗೆ ಸರಿದು ಕೂತಿತು.

ಅಂದಿನಿಂದ ಬರೀ ತಟ್ಟೆ ಕಂಡರೂ ಅದರ ಕೈ ಮೇಲೇಳುತ್ತಿತ್ತು. ತಾಯಿ ಗಾಳೆಮ್ಮ ಪುಸಲಾಯಿಸಿ ಎರಡು ಗುಟುಕು ಗಂಜಿ ಕುಡಿಸಿದರೆ ಅದೇ ದೊಡ್ಡದು. ತಾಯಕ್ಕ ಬೆಲ್ಲ ಹಾಕಿ ಸಿಹಿ ಸಜ್ಜಕ ಮಾಡಿದಳು, ಬೈದಳು, ಕೊನೆಗೆ ಅತ್ತೂಬಿಟ್ಟಳು. ದಾರಿಹೋಕರಿಗೆಲ್ಲ ಉಣಿಸುವ ಕೈ ತನ್ನ ಮನೆಯ ಒಂದು ಬಾಯಿಯೆದುರು ಸೋತಿತ್ತು. ಬರಬರುತ್ತಾ ಅವಳಿಗೂ ತುತ್ತು ಗಂಟಲಲ್ಲಿ ಇಳಿಯದಾಯಿತು.

ಒಂದು ಮಧ್ಯಾಹ್ನ ಲಾರಿಗಳೆಲ್ಲ ಹೊರಟ ಮೇಲೆ ಗಾಳೆಮ್ಮ ಮೆತ್ತನೆಯ ಅನ್ನಕ್ಕೆ ಮಜ್ಜಿಗೆ ಕಲಸಿ ಅತ್ತೆಯ ಮುಂದಿಟ್ಟಳು. ತಾಯಕ್ಕ ಎರಡೂ ಕೈಯಿಂದ ತಟ್ಟೆ ಮುಚ್ಚಿದಳು.

“ನಿನ್ನೆಯಿಂದ ಏನೂ ಉಂಡಿಲ್ರಿ ಅತ್ತಿ.”

“ಬ್ಯಾಡ ಬಿಡವ್ವ.”

ಮೂಲೆಯಲ್ಲಿದ್ದ ಸುಮಲತಾ ಎದ್ದು ಬಂದಳು. “ಅಜ್ಜಿ, ನಿನ್ನ ಹೊಟ್ಟೀನೂ ಕೊಯ್ದಾರೇನು?”

ಮಗು ಅಜ್ಜಿಯ ಸೆರಗು ಸರಿಸಿ ಹೊಟ್ಟೆ ನೋಡಿತು. ಹೊಲಿಗೆ ಕಾಣಲಿಲ್ಲ, ಆದರೂ ಅನುಮಾನ ಹೋಗಲಿಲ್ಲ. ಓಡಿಹೋಗಿ ತನ್ನ ಔಷಧದ ಚಮಚ ತಂದಿತು.

“ಕೈ ತೆಗಿ. ಒಂದ ಚಮಚ ಅಷ್ಟ. ಜಲ್ದಿ ನುಂಗಬ್ಯಾಡ. ನಾ ಇಲ್ಲೇ ಅದೀನಿ.”

ಆಸ್ಪತ್ರೆಯ ನರ್ಸಮ್ಮ ಮಗುವಿಗೆ ಹೇಳುತ್ತಿದ್ದ ಮಾತದು. ತಾಯಕ್ಕ ಬಾಯಿ ತೆರೆದಳು. ಅನ್ನದ ಜೊತೆಗೆ ಕಣ್ಣೀರೂ ಇಳಿಯಿತು.

“ನೋವಾತೇನು?”

“ಇಲ್ಲವ್ವ. ನೀನೂ ಒಂದು ಉಂಡ್ರ ನಾ ಇನ್ನೊಂದು ಉಣ್ತೀನಿ.”

ಮಗು ಚಮಚವನ್ನು ಅಜ್ಜಿಯ ಕೈಗೆ ಕೊಟ್ಟು ಬಾಯಿ ತೆರೆಯಿತು. ತಾಯಕ್ಕ ತನ್ನ ಜನ್ಮದಲ್ಲಿ ಮೊದಲ ಬಾರಿಗೆ ಅರ್ಧ ಚಮಚ ಬಡಿಸಿದಳು. ಅಜ್ಜಿಗೊಂದು, ಮೊಮ್ಮಗಳಿಗೊಂದು ಎಂದು ಹಾಗೇ ನಡೆಯಿತು. ಕೊಂಚ ಹೊತ್ತಿಗೆ ಸುಮಲತಾ ಎರಡೂ ಅಂಗೈ ತಟ್ಟೆಯ ಮೇಲಿಟ್ಟು ಅಜ್ಜಿಯ ಮುಖ ನೋಡಿದಳು.

ಕೈ ಸರಿಸಲು ಹೊರಟಿದ್ದ ತಾಯಕ್ಕ ಅರ್ಧಕ್ಕೇ ತಡೆದುಕೊಂಡಳು. ಚಮಚ ಕೆಳಗಿಟ್ಟಳು.

“ಸಾಕಾತೇನವ್ವ?”

“ಹ್ಞೂಂ.” ಅಜ್ಜಿ ಕೈ ಸರಿಸುವುದಿಲ್ಲವೆಂದು ಖಾತ್ರಿಯಾದ ಮೇಲೆ ಮಗು ತಾನೇ ಅಂಗೈ ತೆಗೆಯಿತು. “ಗಂಗಾಳ ತೊಳಿಬ್ಯಾಡ ಅಜ್ಜಿ. ಆಮ್ಯಾಲ ಮತ್ತ ಉಣ್ತೀನಿ.”

ತಾಯಕ್ಕ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಅದರ ಪಕ್ಕದಲ್ಲೇ ಕೂತಳು.