ಹುಳುಮನೆಯ ಚಪ್ಪಲಿ

ನರ್ಸಮ್ಮನ ಬೆರಳ ತುದಿಗಳು ಗಾಯದ ಔಷಧಿ ಹಚ್ಚೀ ಹಚ್ಚೀ ಕಂದು ಬಣ್ಣಕ್ಕೆ ತಿರುಗಿದ್ದವು. ಉಗುರನ್ನು ಬುಡಕ್ಕೇ ಕತ್ತರಿಸಿಕೊಂಡಿರುತ್ತಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ನಮ್ಮೂರು ಶಾಗ್ಯಕ್ಕೆ, ನಮ್ಮ ಬೀದಿಗೇ ಬಂದು ನೆಲೆಸಿದ್ದರು. ಯಾರೇ ಎದುರಾದರೂ ಅವರ ಕಣ್ಣು ಮೊದಲು ಹೋಗುತ್ತಿದ್ದುದು ಪಾದಕ್ಕೆ. "ಮೊಕ ಆಮ್ಯಾಕೆ ನೋಡ್ತೀನಿ, ಕಾಲ್ ತೋರ್ಸವ್ವ" ಎನ್ನುವರು. ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು.

ನನ್ನ ಮಗಳಿಗೆ ಆರು ವರ್ಷಕ್ಕೇ ಸಕ್ಕರೆ ಕಾಯಿಲೆ ಬಂತು, ದಿನವೂ ಇನ್ಸುಲಿನ್ ಚುಚ್ಚಲೇಬೇಕಾದಂಥದ್ದು. ಅಂದಿನಿಂದ ನಾನು ಒಂದು ಕಡೆ ಕೂತವಳಲ್ಲ. ಅವಳ ಮಂಡಿ ತರಚಿದರೂ ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದೆ. "ಗಾಯ ಮಾಯಲ್ಲ, ಕಾಲೇ ಓಗ್ಬುಡ್ತದೆ ಕಣೇ" ಎಂದು ಹೆದರಿಸುತ್ತಿದ್ದೆ. ಎಂಥ ತಾಯಿಯೋ ನಾನು.

ನಮ್ಮದು ರೇಷ್ಮೆ ಸಾಕುವ ಮನೆ. ಹೊರಗಿನ ಧೂಳು ತಗುಲಿದರೆ ಹುಳುವಿಗೆ ರೋಗವೆಂದು ಹುಳುಮನೆಯೊಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಮಗಳೂ ಬರಿಗಾಲಲ್ಲೇ ಬಂದು ಹಿಪ್ಪುನೇರಳೆ ಸೊಪ್ಪು ಹಾಕುವಳು. ಒಮ್ಮೆ, ಹುಳು ಹಣ್ಣಾಗಿ ಗೂಡು ಕಟ್ಟಲು ಅಣಿಯಾಗುವ ವಾರದಲ್ಲಿ, ಅವಳ ಸಕ್ಕರೆ ಮೂರು ದಿನವಾದರೂ ಇಳಿಯಲಿಲ್ಲ. ಮಿಠಾಯಿ ಕದ್ದು ತಿಂದೆಯಾ ಎಂದು ಬೈಯುತ್ತಿದ್ದಾಗ ನರ್ಸಮ್ಮ ಬಂದರು. ಬಂದವರೇ ಅವಳ ಕಾಲೆತ್ತಿ ನೋಡಿದರು.

ಹುಳು ಸೊಪ್ಪು ತಿಂದು ಉಳಿಸಿದ ಕಡ್ಡಿಯ ಮೊನೆ ಅಂಗಾಲಿಗೆ ನಟ್ಟಿತ್ತು. ಗಾಯಕ್ಕೆ ಕಾಫಿಪುಡಿ ತುಂಬಿಕೊಂಡಿದ್ದಳು. ನಾವು ಮಾಡುವುದನ್ನೇ ನೋಡಿ ಕಲಿತದ್ದು. ಸುತ್ತ ಕೆಂಪಾಗಿ ಊದಿಕೊಂಡಿತ್ತು. ಸಕ್ಕರೆ ಇಳಿಯದ್ದಕ್ಕೂ ಅದೇ ಕಾರಣ.

"ಗಾಯ ಆಗದೆ ಅಂತ ಯಾಕ್ ಮಗ ಏಳ್ಲಿಲ್ಲ?" ಎಂದು ನರ್ಸಮ್ಮ ಕೇಳಿದರು.

"ಅಮ್ಮ ಕೂಗ್ತದೆ" ಎಂದಳು ಮಗಳು.

ನರ್ಸಮ್ಮ ಸೋಪು ನೀರಿನಲ್ಲಿ ನಿಧಾನವಾಗಿ ಗಾಯ ತೊಳೆದು, ಒರೆಸಿ, ಪಟ್ಟಿ ಕಟ್ಟಿ, ನಮ್ಮನ್ನು ಆಟೋ ಹತ್ತಿಸಿ ಹನೂರಿನ ಡಾಕ್ಟರ ಹತ್ತಿರಕ್ಕೆ ತಾವೂ ಬಂದರು. ದಾರಿಯಲ್ಲಿ ನನಗೆ ಅಂದದ್ದು ಇಷ್ಟೇ: "ಕಂಡ ಗಾಯವ ವಾಸಿ ಮಾಡ್ಬೋದು ಕನವ್ವ. ಮುಚ್ಚಿಟ್ರೆ ಏನ್ ಮಾಡಾನ? ನೀನ್ ಮೊದ್ಲು ಬಾಯ್ ಕಡ್ಮೆ ಮಾಡು."

ಔಷಧಿ ಬಿತ್ತು, ಗಾಯ ಮಾಯಿತು. ಆಮೇಲೆ ಒಂದು ದಿನ ನರ್ಸಮ್ಮ ಹೊಸ ರಬ್ಬರ್ ಚಪ್ಪಲಿ ತಂದು ಹುಳುಮನೆಯ ಹೊಸಿಲೊಳಗೆ ಇಟ್ಟರು. ನಮ್ಮತ್ತೆ ಹೌಹಾರಿದರು. "ಇದು ಈಚೆಗೆ ಬರಲ್ಲ ಕನಕ್ಕ. ಒಳಗೇ ಇರ್ಲಿ, ದಿನಾ ತೊಳೀರಿ. ಉಳಾನೂ ಬದುಕ್ಲಿ, ಮಗೀನೂ ಬದುಕ್ಲಿ" ಎಂದರು ನರ್ಸಮ್ಮ. ಅಂದಿನಿಂದ ದಿನಾ ಸಂಜೆ ಅವರ ಜಗಲಿಯಲ್ಲಿ ಮಗಳ ಪಾದದ ತಪಾಸಣೆ. ಕೈಗನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದನ್ನು ಅವರೇ ಕಲಿಸಿದರು. ನಾನು ತುಟಿ ಕಚ್ಚಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ನರ್ಸಮ್ಮ ಎದೆನೋವೆಂದು ಮಲಗಿದವರು ಏಳಲಿಲ್ಲ. ಅದೇ ಜಗಲಿಯಲ್ಲಿ ಮಲಗಿಸಿದ್ದರು. ಎಲ್ಲರೂ ಮುಖ ನೋಡಿ ಅಳುತ್ತಿದ್ದರೆ ನನ್ನ ಮಗಳು ಸೀದಾ ಹೋಗಿ ಕಾಲ ಹತ್ತಿರ ಕೂತಳು. ಸೀರೆಯ ಅಂಚು ಸರಿಸಿದಳು. ಎರಡೂ ಹಿಮ್ಮಡಿಗಳು ರಕ್ತ ಬರುವಷ್ಟು ಒಡೆದಿದ್ದವು.

"ಅಮ್ಮ, ಇವ್ರ ಕಾಲ್ನ ಯಾರೂ ನೋಡ್ಲಿಲ್ವಾ?" ಎಂದಳು.

ನಾನಂತೂ ಒಂದು ದಿನವೂ ನೋಡಿರಲಿಲ್ಲ.